ಎಡಗಾಲಿನ ಎರಡು ಬೆರಳು

ಮಿಜಾರಿನ ಕಾಲೇಜಿನ ಎದುರಿಗಿರುವ ಜೆರಾಕ್ಸ್ ಅಂಗಡಿಯಲ್ಲಿ ಕಾಂತಿ ಯಾರದೋ ಪ್ರಾಜೆಕ್ಟ್ ವರದಿಗೆ ಪುಟಸಂಖ್ಯೆ ಹಾಕುತ್ತಿದ್ದಾಗ ಇರ್ಷಾದನ ಫೋನು ಬಂತು. ಹನ್ನೊಂದು ವರ್ಷಗಳಿಂದ ಆ ಹೆಸರು ಅವಳ ಮೊಬೈಲಿನಲ್ಲಿ ಸದ್ದಿಲ್ಲದೆ ಕೂತಿತ್ತು.

"ಕಾಂತಿಯಕ್ಕ, ನಮ್ಮ ಹಳೇ ಕಂಪ್ಯೂಟರನ್ನು ಒಂದು ಸಲ ತೆರೆದು ಕೊಡ್ಬೇಕಿತ್ತು. ನಿಮ್ಮನ್ನು ಬಿಟ್ರೆ ಅದರ ಗುಟ್ಟು ಗೊತ್ತಿದ್ದವರು ಯಾರೂ ಇಲ್ಲ."

"ಅದು ಇನ್ನೂ ಉಂಟಾ ಮಾರಾಯ? ಯಾವತ್ತೋ ಗುಜರಿಗೆ ಹೋಗಿದೆ ಅಂತ ಮಾಡಿದ್ದೆ."

"ಬಾಪ ಇರುವಾಗ ಬಿಡ್ಲಿಲ್ಲ. ಆಮೇಲೆ ನನಗೂ ಮನಸ್ಸು ಬರ್ಲಿಲ್ಲ. ಇಲ್ಲಿಗೆ ಒಬ್ರು ಹೆಂಗಸು ಮಗಳನ್ನು ಕರ್ಕೊಂಡು ಬಂದಿದ್ರು, ನಾಳೆ ಮತ್ತೆ ಬರ್ತಾರಂತೆ. ಹೆಣದ ನೋಟೀಸು ಬೇಕಂತೆ. ಹಳೇದು, ಎರಡು ಸಾವಿರದ ಹತ್ತರದ್ದು."

ಹೆಣದ ನೋಟೀಸು ಎಂದ ಕೂಡಲೇ ಕಾಂತಿಗೆ ಬಂಟ್ವಾಳ ಪೇಟೆಯ ಆ ಪ್ರೆಸ್ಸು, ಶಾಯಿಯ ವಾಸನೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಪ್ರೂಫ್ ನೋಡುತ್ತಿದ್ದ ಇರ್ಷಾದನ ಅಪ್ಪ ಅಬೂಬಕ್ಕರ್, ಎಲ್ಲ ಒಟ್ಟಿಗೇ ನೆನಪಾದವು. ಇಪ್ಪತ್ತಾರರಿಂದ ನಲವತ್ತೊಂದರವರೆಗೆ ಅವಳ ಪ್ರಾಯ ಕಳೆದದ್ದು ಅಲ್ಲೇ. ಘಟ್ಟದ ಬುಡದ ಊರುಗಳಲ್ಲಿ ಹೊಳೆಗೆ ಬಿದ್ದವರು ಎಷ್ಟೋ ಸಲ ಸಿಗುವುದು ಕೆಳಗೆ, ಬಂಟ್ವಾಳ ಪಾಣೆಮಂಗಳೂರಿನ ಆಸುಪಾಸಿನಲ್ಲಿ. ಗುರುತು ಹತ್ತದಿದ್ದರೆ ಠಾಣೆಯಿಂದ ಒಬ್ಬ ಪೇದೆ ಚೀಟಿಯಲ್ಲಿ ವಿವರ ಬರೆದು ತರುತ್ತಿದ್ದ. ಪ್ರಾಯ, ಎತ್ತರ, ಬಟ್ಟೆ, ಮೈಮೇಲಿನ ಗುರುತು. ಕಾಂತಿ ಅದನ್ನು ಟೈಪ್ ಮಾಡಿ ಕೊಟ್ಟರೆ ನೂರು ಪ್ರತಿ ಮುದ್ರಣವಾಗಿ ಬಸ್ ನಿಲ್ದಾಣದ ಕಂಬಗಳಿಗೆ ಅಂಟುತ್ತಿತ್ತು. "ಸತ್ತವನ ಕೆಲಸ, ತಡ ಮಾಡಬೇಡ," ಎಂದು ಅಬೂಬಕ್ಕರ್ ಮದುವೆ ಕಾಗದಗಳನ್ನೂ ಬದಿಗೆ ಸರಿಸುತ್ತಿದ್ದರು.

ಮರುದಿನ ರಜೆ ಹೇಳಿ ಅವಳು ಬಂಟ್ವಾಳದ ಬಸ್ಸು ಹತ್ತಿದಳು.

ಪ್ರೆಸ್ಸು ಈಗ ಫ್ಲೆಕ್ಸ್ ಅಂಗಡಿ. ಒಳಕೋಣೆಯಲ್ಲಿ ಬೆಂಚಿನ ಮೇಲೆ ತಾಯಿ ಮಗಳು ಕೂತಿದ್ದರು. ತಾಯಿ ಸೇಸಮ್ಮ, ಐವತ್ತರ ಆಚೀಚೆ. ಅಂಗೈ ತುಂಬ ರಬ್ಬರ್ ಹಾಲಿನ ಕಪ್ಪು ಕಲೆ. ಮಗಳು ವಿಸ್ಮಿತಾ ಉಜಿರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ, ಈ ತಿರುಗಾಟವೇ ಬೇಡವಾಗಿದೆ ಎನ್ನುವಂತೆ ಮೊಬೈಲ್ ನೋಡುತ್ತಿದ್ದಳು. ಬೆಳ್ತಂಗಡಿಯಿಂದ ಮೇಲೆ ದಿಡುಪೆಯವರು. ಮಾತೆಲ್ಲ ತುಳುವಿನಲ್ಲೇ ನಡೆಯಿತು.

ಸೇಸಮ್ಮ ಹೇಳಿದ್ದು ಇಷ್ಟು. ಗಂಡ ಚಿನ್ನಯ್ಯ ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಕೆಲಸದವನು. ಹದಿನಾಲ್ಕು ವರ್ಷಗಳ ಹಿಂದಿನ ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ಹೊಳೆಯ ಮೇಲಿನ ಮರದ ಸಂಕ ದಾಟಿ ತೋಟಕ್ಕೆ ಹೋದವನು ತಿರುಗಿ ಬರಲಿಲ್ಲ. ಎರಡು ದಿನ ಊರವರು ಹೊಳೆಬದಿ ಹುಡುಕಿದರು. ಮೂರನೆಯ ದಿನ ಯಾರೋ ಒಂದು ಮಾತು ತೆಗೆದರು: ಅದೇ ತೋಟದಲ್ಲಿ ದುಡಿಯುತ್ತಿದ್ದ ಸರಸ ಎಂಬ ವಿಧವೆಯೂ ಅದೇ ವಾರ ಊರು ಬಿಟ್ಟಿದ್ದಾಳೆ, ಕಳಸದ ಕಡೆಯ ಎಸ್ಟೇಟಿಗೆ ಹೋದಳಂತೆ. ಅಲ್ಲಿಗೆ ಹುಡುಕಾಟ ನಿಂತಿತು. ಪೊಲೀಸರಿಗೆ ದೂರು ಕೊಡುವ ಎಂದವರಿಗೆ ಮೈದುನ, "ಓಡಿ ಹೋದವನನ್ನು ಪೊಲೀಸರು ಹಿಡ್ಕೊಂಡು ಬರ್ಬೇಕಾ? ಮನೆಯ ಮಾನ ಸಾಲದಾ?" ಎಂದ.

"ಹತ್ತು ಹನ್ನೊಂದು ದಿನ ಕಳೆದ ಮೇಲೆ ಬಂಟ್ವಾಳದಲ್ಲಿದ್ದ ನಮ್ಮವರೊಬ್ರು ಹೇಳಿ ಕಳಿಸಿದ್ರು, ಇಲ್ಲಿ ಒಂದು ಹೆಣ ಸಿಕ್ಕಿದೆ, ನೋಟೀಸು ಅಂಟಿಸಿದ್ದಾರೆ ಅಂತ," ಸೇಸಮ್ಮ ಮುಂದುವರಿಸಿದಳು. "ಇವಳನ್ನು ಸೊಂಟದಲ್ಲಿ ಕೂರಿಸ್ಕೊಂಡು ಬಂದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ ಓದಿ ಹೇಳಿದ. ಪ್ರಾಯ ಸರಿ ಇತ್ತು, ಲುಂಗಿ ಸರಿ ಇತ್ತು. ಆದ್ರೆ ಎಡಗಾಲಲ್ಲಿ ಎರಡು ಬೆರಳು ಇಲ್ಲ ಅಂತ ಇತ್ತು. ನಮ್ಮವರು ಕೊಡಲಿ ಬಿದ್ದು ಬೆರಳು ಕಳ್ಕೊಂಡದ್ದು ಬಲಗಾಲಿಂದು. ಅಲ್ಲ, ಅವರಲ್ಲ ಅಂತ ಅಲ್ಲೇ ಕೈಮುಗಿದೆ. ಹೆಣ ನೋಡ್ಲಿಕ್ಕೂ ಹೋಗ್ಲಿಲ್ಲ. ಹೋಟೆಲಲ್ಲಿ ಇವಳಿಗೆ ಗೋಳಿಬಜೆ ತಿನ್ನಿಸಿ ಸಂತೋಷದಲ್ಲಿ ವಾಪಸ್ ಹೋದೆ."

ಆ ಸಂತೋಷ ಎಷ್ಟು ದಿನ ಇತ್ತೆಂದು ಅವಳು ಹೇಳಲಿಲ್ಲ. ಆಮೇಲಿನ ವರ್ಷಗಳನ್ನು ಒಂದೇ ಮಾತಿನಲ್ಲಿ ಮುಗಿಸಿದಳು: "ಬದುಕಿದ್ದಾರೆ ಅಂತಾದ್ರೆ ಮತ್ತೆ ಓಡಿ ಹೋದದ್ದೇ ಅಲ್ವಾ."

ಕಳೆದ ತಿಂಗಳು ಸರಸ ತೀರಿಕೊಂಡ ಅಣ್ಣನ ಬೊಜ್ಜದ ಕ್ರಿಯೆಗೆಂದು ದಿಡುಪೆಗೆ ಬಂದಿದ್ದಳು. ಕಳಸದಲ್ಲಿ ಯಾರನ್ನೋ ಮದುವೆಯಾಗಿ ಎರಡು ಮಕ್ಕಳು. ಊಟದ ಪಂಕ್ತಿಯಲ್ಲಿ ಸೇಸಮ್ಮನನ್ನು ಕಂಡವಳೇ ನಗುತ್ತ ಬಂದು, "ಚಿನ್ನಯ್ಯಣ್ಣ ಹೇಗಿದ್ದಾರೆ?" ಎಂದು ಕೇಳಿದಳಂತೆ.

"ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಇಲ್ಲ," ಸೇಸಮ್ಮ ಎಂದಳು. "ಅಲ್ಲಿಗೂ ಹೋಗ್ಲಿಲ್ಲ ಅಂತಾದ್ರೆ ಎಲ್ಲಿಗೆ ಹೋದ್ರು? ಆ ನೋಟೀಸು ಇನ್ನೊಂದು ಸಲ ಸರಿಯಾಗಿ ಕೇಳ್ಬೇಕು. ಕಂಡಕ್ಟರ್ ಅವಸರದಲ್ಲಿ ತಪ್ಪು ಓದಿದ್ನೋ ಏನೋ. ಸ್ಟೇಷನ್ನಿನವರು ತಾರೀಕು, ನಂಬರ್ ಏನಾದ್ರೂ ಇದ್ರೆ ಫೈಲು ಹುಡುಕುವುದು ಸುಲಭ ಅಂದ್ರು. ನೋಟೀಸು ಅಚ್ಚು ಹಾಕುತ್ತಿದ್ದದ್ದು ಇಲ್ಲಿ ಅಂತ ಅವರೇ ಹೇಳಿದ್ದು."

ಇರ್ಷಾದ್ ಮೂಲೆಯ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆ ಎಳೆದ. ಹಳೆಯ ಟೀವಿಯಂತೆ ಹೊಟ್ಟೆ ಬಂದ ಪರದೆ, ಹಳದಿಗಟ್ಟಿದ ಬೂದು ಪೆಟ್ಟಿಗೆ. ಕೀಬೋರ್ಡಿನ ಮೇಲ್ತುದಿಯಲ್ಲಿ ಪ್ರತ್ಯೇಕವಾಗಿದ್ದ ಪವರ್ ಕೀಲಿಯನ್ನು ಕಾಂತಿ ಒತ್ತಿದಳು. ಗಂಟೆ ಬಡಿದಂಥ ಆ ಹಳೆಯ ಸದ್ದು ಬಂತು. ಅದರ ಹಿಂದೆಯೇ ಒಳಗಿನ ಡಿಸ್ಕು ಕಾವಲಿಯಲ್ಲಿ ಕಾಳು ಹುರಿದ ಹಾಗೆ ಕಟಕಟಿಸತೊಡಗಿತು. ಮೊದಲು ಹೀಗೆ ಸದ್ದು ಮಾಡುತ್ತಿರಲಿಲ್ಲ. ಎಂಟು ಹತ್ತು ನಿಮಿಷದ ಮೇಲೆ ಪರದೆ ತೆರೆಯಿತು. ನೋಟೀಸುಗಳೆಲ್ಲ ಒಂದೇ ಕಡತದಲ್ಲಿ ಒಂದರ ಕೆಳಗೊಂದು ಇದ್ದವು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದಳು. ಕಿಟಕಿ ಅರ್ಧ ಬಿಡಿಸಿಕೊಂಡಿತು, ಕೈಗಡಿಯಾರದ ಚಿಹ್ನೆ ಬಂತು, ಅಲ್ಲಿಗೇ ನಿಂತಿತು. ಮೌಸ್ ಅಲುಗಲಿಲ್ಲ. ಐದು ನಿಮಿಷ ಕಾದರೂ ಅಲುಗಲಿಲ್ಲ.

"ಆಫ್ ಮಾಡಿ ಆನ್ ಮಾಡುವಾ?" ಎಂದ ಇರ್ಷಾದ್.

"ಬೇಡ. ಆ ಸದ್ದು ಕೇಳಿದಿಯಲ್ಲ. ಮಲಗಿಸಿದ್ರೆ ಮತ್ತೆ ಏಳ್ತದೆ ಅನ್ನುವ ಧೈರ್ಯ ನನಗಿಲ್ಲ."

ಆಗ ಕಾಂತಿಯ ಕೈಗಳೇ ಮೊದಲು ನೆನಪು ಮಾಡಿಕೊಂಡವು. ಎಡ ಹೆಬ್ಬೆರಳು ನಾಲ್ಕೆಸಳಿನ ಹೂವಿನ ಗುರುತಿದ್ದ ಕಮಾಂಡ್ ಕೀಲಿಗೆ ಹೋಯಿತು, ಬಲಗೈ ಪವರ್ ಕೀಲಿಗೆ. ಎರಡನ್ನೂ ಒಟ್ಟಿಗೆ ಒತ್ತಿದಳು.

ಚಿತ್ರಗಳೆಲ್ಲ ಮಾಯವಾಗಿ ಪರದೆಯ ತುಂಬ ಬರಿಯ ಅಂಕಿಗಳ, ಇಂಗ್ಲಿಷ್ ಅಕ್ಷರಗಳ ಸಾಲು ಬಂತು.

"ಹಾಳಾಯ್ತಾ?" ವಿಸ್ಮಿತಾ ಮೊದಲ ಬಾರಿಗೆ ಮೊಬೈಲಿನಿಂದ ತಲೆಯೆತ್ತಿ ಕೇಳಿದಳು.

"ಇಲ್ಲ ಮಗಾ. ಹಿಂಬಾಗಿಲಿಂದ ಒಳಗೆ ಬಂದೆವು, ಅಷ್ಟೆ."

ಈ ಹಿಂಬಾಗಿಲು ತೋರಿಸಿದವನು ಫರಂಗಿಪೇಟೆಯ ರಿಪೇರಿಯವ ನಿಝಾಮ್. ಯಾವುದೋ ದೈವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆಯ ಅರವತ್ತು ಪುಟ ಟೈಪ್ ಮಾಡಿ, ಉಳಿಸುವ ಮೊದಲೇ ಕಂಪ್ಯೂಟರ್ ನಿಂತು, ಕಾಂತಿ ಅತ್ತಿದ್ದ ದಿನ ಅದು. ಪ್ರೋಗ್ರಾಂ ಬರೆಯುವವರು ತಪ್ಪು ಹುಡುಕಲು ಇಟ್ಟುಕೊಂಡ ಜಾಗ ಇದು, ಡಿಬಗ್ಗರ್ ಅಂತ ಹೆಸರು ಎಂದಿದ್ದ. "ಮೇಲಿನ ಆಟ ನಿಂತ್ರೂ, ಅದು ಓದಿದ ಅಕ್ಷರ ಎಲ್ಲ ಮೆಮೊರಿಯಲ್ಲಿ ಇರ್ತದೆ ಅಕ್ಕ, ಕರೆಂಟ್ ಹೋಗುವ ತನಕ. ಹುಡುಕಿ ನೋಡ್ಲಿಕ್ಕೆ ಆಗ್ತದೆ. ಆದ್ರೆ ಅದು ನಿಮ್ಮ ಹಾಗೆ ಕನ್ನಡ ಮಾತಾಡುದಿಲ್ಲ."

ನಿಜವೇ. ಆ ಕಾಲದ ಕಂಪ್ಯೂಟರಿಗೆ ಕನ್ನಡವೆಂದರೆ ಇಂಗ್ಲಿಷ್ ಅಕ್ಷರಕ್ಕೆ ಹೊದಿಸಿದ ಕನ್ನಡದ ಅಂಗಿ. ಡಿಬಗ್ಗರಿನಲ್ಲಿ ಅಂಗಿ ಇರುವುದಿಲ್ಲ. ಒಂದು ದೊಡ್ಡ ಬಿ, ಪಕ್ಕದಲ್ಲಿ ಡಾಲರ್ ಗುರುತು, ಮತ್ತೆ ಎರಡು ಚುಕ್ಕೆ, ಒಂದು ಆವರಣ. ಬೇರೆಯವರಿಗೆ ಅದು ಕಸ. ಹದಿನೈದು ವರ್ಷ ಅವೇ ಕೀಲಿಗಳನ್ನು ಒತ್ತಿದ ಕಾಂತಿಗೆ ಮಾತ್ರ ಯಾವುದು ಒತ್ತು, ಯಾವುದು ಕೊಂಬು, ಯಾವುದು ದೀರ್ಘ ಎಂದು ಗೊತ್ತು. ಹುಡುಕುವ ಆಜ್ಞೆ ಹೊಡೆದು, 'ಬೆರಳು' ಎಂಬುದಕ್ಕೆ ಬರುವ ಅಕ್ಷರಗಳನ್ನು ಕೊಟ್ಟಳು. ಮೊದಲು ಸಿಕ್ಕಿದ್ದು ಒಬ್ಬ ಮುದುಕಿಯದು. ಎರಡನೆಯದರಲ್ಲಿ ಉಂಗುರ ತೊಟ್ಟ ಬೆರಳು. ಮೂರನೆಯ ಸಲ ಅವಳು ಮುಂದಕ್ಕೆ ಬಗ್ಗಿದಳು.

ಒಂದನೇ ತರಗತಿಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಇಸವಿ ಎರಡು ಸಾವಿರದ ಹತ್ತು, ಜುಲೈ ಇಪ್ಪತ್ತೊಂಬತ್ತು. ಪ್ರಕರಣದ ಸಂಖ್ಯೆ. ನೇತ್ರಾವತಿ ನದಿಯ ಬದಿಯಲ್ಲಿ ಅಪರಿಚಿತ ಗಂಡಸಿನ ಶವ. ಪ್ರಾಯ ಸುಮಾರು ನಲವತ್ತೈದು. ಎತ್ತರ ಐದು ಅಡಿ ನಾಲ್ಕು ಇಂಚು. ನೀಲಿ ಗೆರೆಯ ಲುಂಗಿ. ಎಡಗಾಲಿನ ಎರಡು ಬೆರಳು ಇರುವುದಿಲ್ಲ.

ಸೇಸಮ್ಮ ಬೆಂಚಿನ ತುದಿಗೆ ಸರಿದಳು.

"ಇನ್ನೊಂದು ಸಲ ಓದಿ," ಎಂದಳು ಸೇಸಮ್ಮ.

ಕಾಂತಿ ಓದಿದಳು.

"ಎಡಗಾಲೇ?"

"ಹೌದು. ಎಡಗಾಲಿನ ಅಂತಲೇ ಉಂಟು."

ಸೇಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹದಿನಾಲ್ಕು ವರ್ಷಗಳ ಸಿಟ್ಟು ಒಂದು ತಿಂಗಳು ರಜೆಯ ಮೇಲೆ ಹೋಗಿದ್ದು ಈಗ ತಿರುಗಿ ಬಂದು ಮುಖದಲ್ಲಿ ಕೂತಂತಿತ್ತು. "ಹಾಗಾದ್ರೆ ಕಂಡಕ್ಟರ್ ಸರಿಯಾಗೇ ಓದಿದ್ದು. ಅವರಲ್ಲ. ಸರಸನ ಜೊತೆ ಅಲ್ಲದಿದ್ರೆ ಇನ್ನೊಬ್ಬಳು ಯಾರೋ."

"ನಾನು ಮೊದಲೇ ಹೇಳಿದ್ದೆ ಅಮ್ಮ. ಸುಮ್ನೆ ಎರಡು ದಿನದ ಕೆಲಸ ಹಾಳು," ಎಂದು ವಿಸ್ಮಿತಾ ಬ್ಯಾಗು ಹೆಗಲಿಗೇರಿಸಿದಳು.

ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಕಾಂತಿ, ಇರಲಿ ಎಂದು, ಪರದೆಯ ಫೋಟೋ ತೆಗೆದಳು. ಆಗ ಅವಳ ಕಣ್ಣು ಎರಡು ಸಾಲು ಮೇಲಕ್ಕೆ ಹೋಯಿತು. ಅದು ಇದರ ಹಿಂದಿನ ನೋಟೀಸಿನ ಕೊನೆ. ಅರವತ್ತು ವರ್ಷದ ಬೇರೊಬ್ಬನದು. 'ಎಡಗಾಲಿನ ಮಂಡಿಯ ಕೆಳಗೆ ಹಳೆಯ ಗಾಯದ ಗುರುತು ಇರುತ್ತದೆ.' ಅಚ್ಚಾದ ಹಾಳೆಯಲ್ಲಾದರೆ ನಡುವೆ ಗೆರೆ, ಖಾಲಿ ಜಾಗ, ದೊಡ್ಡ ತಲೆಬರಹ ಎಲ್ಲ ಇರುತ್ತದೆ. ಎರಡನ್ನೂ ಒಟ್ಟಿಗೆ ಯಾರೂ ನೋಡುವುದಿಲ್ಲ. ಇಲ್ಲಿ ಒಂದು ಹೆಣದ ಬೆನ್ನಿಗೆ ಇನ್ನೊಂದು ಹೆಣ ಅಂಟಿಕೊಂಡಿತ್ತು. ಎಡಗಾಲಿನ. ಎಡಗಾಲಿನ. ಅದೇ ಅಕ್ಷರಗಳು, ಒಂದಿಷ್ಟೂ ಬದಲಿಲ್ಲದೆ.

ಹೊಸ ನೋಟೀಸು ಬಂದರೆ ಅವಳು ಹೊಸದಾಗಿ ಟೈಪ್ ಮಾಡುತ್ತಿರಲಿಲ್ಲ. ಹಿಂದಿನದನ್ನೇ ನಕಲು ಮಾಡಿ, ಅಂಟಿಸಿ, ಬೇಕಾದಲ್ಲಿ ಅಳಿಸಿ ತಿದ್ದುತ್ತಿದ್ದಳು. ಬೇಗ ಆಗುತ್ತಿತ್ತು. ಎಲ್ಲ ಕಡೆ ಎಲ್ಲರೂ ಮಾಡುವುದೂ ಹಾಗೆಯೇ.

"ಕಾಂತಿಯಕ್ಕ, ಏನಾಯ್ತು?" ಇರ್ಷಾದ್ ಕೇಳಿದ.

"ಏನಿಲ್ಲ."

ಹೊರಗೆ ಅಂಗಡಿಯ ಮೆಟ್ಟಲಿಳಿದು ತಾಯಿ ಮಗಳು ರಸ್ತೆ ದಾಟುತ್ತಿದ್ದರು. ಕೂಗಿದ್ದರೆ ಕೇಳಿಸುತ್ತಿತ್ತು. ಕಾಂತಿ ಕೂಗಲಿಲ್ಲ. ಅವರು ಬಸ್ಸು ಹತ್ತಿದ ಮೇಲೆ, "ಆವಾಗ ಪೇದೆ ತರುತ್ತಿದ್ದ ಚೀಟಿಗಳು ಉಂಟಾ?" ಎಂದಷ್ಟೇ ಕೇಳಿದಳು.

"ಎಲ್ಲಿ ಇರ್ತದೆ ಅಕ್ಕ. ಬಾಪ ಹೋದ ವರ್ಷವೇ ಕಾಗದ ಎಲ್ಲ ಸುಟ್ಟದ್ದು. ಒರಲೆ ಹಿಡಿದಿತ್ತು."

"ಹತ್ತನೇ ಇಸವಿ ಜುಲೈಯಲ್ಲಿ ನಿನ್ನ ಬಾಪ ಊರಲ್ಲಿ ಇದ್ರಾ?"

ಇರ್ಷಾದ್ ಯೋಚಿಸಿದ. "ಇಲ್ಲ. ನನ್ನ ತಂಗಿ ಶಹರ್ಬಾನುನ ಬಾಣಂತನ. ಅವಳ ಮನೆಯಲ್ಲಿ ಕಾಸರಗೋಡಿನಲ್ಲಿದ್ರು. ಯಾಕೆ?"

ಅಬೂಬಕ್ಕರ್ ಊರಲ್ಲಿದ್ದರೆ ಚೀಟಿ ಪಕ್ಕದಲ್ಲಿಟ್ಟುಕೊಂಡು ಪ್ರೂಫ್ ನೋಡದೆ ಒಂದು ಹಾಳೆಯೂ ಹೊರಗೆ ಹೋಗುತ್ತಿರಲಿಲ್ಲ. ಕಾಂತಿ ಡಿಬಗ್ಗರಿನಿಂದ ಹೊರಬರುವ ಆಜ್ಞೆ ಹೊಡೆದಳು. ಕಂಪ್ಯೂಟರ್ ಮತ್ತೆ ಏಳಲು ಹೊರಟಿತು, ಡಿಸ್ಕು ನಾಲ್ಕು ಸಲ ಕಟಕಟ ಎಂದಿತು, ಸದ್ದು ನಿಂತಿತು. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯೊಂದು ಮಿನುಗುತ್ತ ಉಳಿಯಿತು. ಮತ್ತೆ ಅದು ತೆರೆಯಲೇ ಇಲ್ಲ.

ಮೂರು ದಿನ ಅವಳು ಬಾಯಿ ಬಿಡಲಿಲ್ಲ.

ಜುಲೈ ಇಪ್ಪತ್ತೊಂಬತ್ತು ಹೇಗಿತ್ತೆಂದು ನೆನಪಿಸಿಕೊಳ್ಳಲು ಹೆಣಗಿದಳು. ಆವತ್ತು ಜ್ವರವಿತ್ತೇ, ಯಾರ ಜೊತೆಗಾದರೂ ಜಗಳವಾಗಿತ್ತೇ, ಸಂಜೆ ಮನೆಗೆ ಹೋಗುವ ಮೂಡುಬಿದಿರೆ ಬಸ್ಸಿಗೆ ಅವಸರವಿತ್ತೇ? ಏನೂ ಹೊಳೆಯಲಿಲ್ಲ. ಆ ದಿನ ಅವಳ ಬದುಕಿನಲ್ಲಿ ಇರಲೇ ಇಲ್ಲವೇನೋ ಎನ್ನುವಷ್ಟು ಖಾಲಿ. ಪೇದೆಯೇ ಚೀಟಿಯಲ್ಲಿ ಎಡಗಾಲು ಎಂದು ಬರೆದಿರಬಹುದಲ್ಲ? ಇಬ್ಬರು ಸತ್ತವರಿಗೂ ಎಡಗಾಲಿನಲ್ಲೇ ಗುರುತು ಇರಬಾರದೆಂದು ಎಲ್ಲಿದೆ? ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಸ್ಸಿನಲ್ಲಿ, ಅಡಿಗೆ ಮಾಡುವಾಗ, ಜೈನಪೇಟೆಯ ಹಿಂದಿನ ಬಾಡಿಗೆ ಮನೆಯ ಬಾವಿಕಟ್ಟೆಯಲ್ಲಿ ನಿಂತು. ಹೇಳಿಕೊಂಡಷ್ಟೂ ಅದು ಸಡಿಲವಾಗುತ್ತ ಹೋಯಿತು. ಮೊಬೈಲಿನ ಫೋಟೋವನ್ನು ದಿನಕ್ಕೆ ಹತ್ತು ಸಲ ಹಿಗ್ಗಿಸಿ ನೋಡಿದಳು.

ನಾಲ್ಕನೆಯ ದಿನ ಅಂಗಡಿಗೆ ಪ್ರಾಪ್ತಿ ಎಂಬ ವಿದ್ಯಾರ್ಥಿನಿ ವಿದ್ಯಾರ್ಥಿವೇತನದ ಅರ್ಜಿ ಟೈಪ್ ಮಾಡಿಸಿಕೊಳ್ಳಲು ಬಂದಳು. ಅವಳ ಗೆಳತಿ ಸಾತ್ವಿಕಾಳ ಅರ್ಜಿ ಆಗಷ್ಟೇ ಮುಗಿದಿತ್ತು. ಕಾಂತಿ ಅದನ್ನೇ ನಕಲು ಮಾಡಿ ತಿದ್ದಿ ಪ್ರಿಂಟು ಕೊಟ್ಟಳು. ಹುಡುಗಿ ಓದಿ ನಕ್ಕಳು.

"ಅಕ್ಕ, ಇದು ನನ್ನ ಅಪ್ಪ ಅಲ್ಲ! ಅವಳ ಅಪ್ಪನ ಹೆಸರೇ ಉಳಿದುಬಿಟ್ಟಿದೆ."

ಗೆಳತಿಯರಿಬ್ಬರೂ ನಗುತ್ತಿದ್ದರು. ಕಾಂತಿ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಹೆಸರು ತಿದ್ದಿ, ಇನ್ನೊಂದು ಪ್ರಿಂಟು ತೆಗೆದುಕೊಟ್ಟು, ಅಂಗಡಿಯ ಯಜಮಾನನಿಗೆ ಮೈ ಸರಿಯಿಲ್ಲ ಎಂದು ಹೇಳಿ ಹೊರಟಳು.

ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಅಲ್ಲಿಂದ ಇನ್ನೊಂದು ಬಸ್ಸು. ದಿಡುಪೆಯಲ್ಲಿ ಇಳಿದು ಕೇಳಿದಾಗ ಒಬ್ಬಾತ, "ಯಾರು, ಓಡಿ ಹೋದ ಚಿನ್ನಯ್ಯನ ಮನೆಯಾ?" ಎಂದು ದಾರಿ ತೋರಿಸಿದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಊರಿನಲ್ಲಿ ಆ ಮನೆಯ ಹೆಸರೇ ಹಾಗಾಗಿತ್ತು.

ಸೇಸಮ್ಮ ಅಂಗಳದ ಹಗ್ಗದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದಳು. ಕಾಂತಿಯನ್ನು ಕಂಡು ಆಶ್ಚರ್ಯದಿಂದ ಕೈ ಒರೆಸಿಕೊಂಡು, ನೀರು ಬೆಲ್ಲ ತಂದಿಟ್ಟಳು. ವಿಸ್ಮಿತಾಳಿಗೆ ಆವತ್ತು ವಾರದ ರಜೆ; ಬಾಗಿಲಲ್ಲಿ ನಿಂತಳು.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಕಾಂತಿಗೆ ಮರೆತುಹೋದವು.

"ಆ ನೋಟೀಸು ಟೈಪ್ ಮಾಡಿದ್ದು ನಾನು," ಎಂದಳು. "ಅದರಲ್ಲಿ ಎಡಗಾಲು ಅಂತ ಬಂದದ್ದು ನನ್ನ ಕೈತಪ್ಪು ಇರ್ಬಹುದು. ಅದರ ಮೊದಲಿನ ಹೆಣದ್ದು ಎಡಗಾಲು. ಅದನ್ನು ತಿದ್ದದೆ ಹಾಗೇ ಬಿಟ್ಟೆ ಅಂತ ಕಾಣ್ತದೆ. ಆ ದಿನ ಅಂಗಡಿಯಲ್ಲೇ ನನಗೆ ಸಂಶಯ ಬಂದಿತ್ತು. ಹೇಳ್ಲಿಲ್ಲ. ಹೆದರಿಕೆ ಆಯ್ತು."

ಸೇಸಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕಾಂತಿಯ ಬಾಯಿಯನ್ನೇ ನೋಡುತ್ತಿದ್ದಳು. ವಿಸ್ಮಿತಾಳಿಗೆ ಬೇಗ ಅರ್ಥವಾಯಿತು.

"ಅಂದ್ರೆ ಅದು ಅಪ್ಪನೇ?"

"ಗೊತ್ತಿಲ್ಲ ಮಗಾ. ನಂಬರ್, ತಾರೀಕು ನನ್ನ ಹತ್ರ ಉಂಟು. ಸ್ಟೇಷನ್ನಿಗೆ ಹೋಗುವ. ಫೈಲಿನಲ್ಲಿ ಏನಿದೆ ಅಂತ ನೋಡುವ."

ಸೇಸಮ್ಮ ಎದ್ದು ಹೋಗಿ ಹಗ್ಗದ ಮೇಲೆ ಅರ್ಧ ಹಾಕಿದ್ದ ಶೀಟನ್ನು ಸರಿಯಾಗಿ ಎಳೆದು ಹಾಕಿದಳು, ಉಳಿದ ಎರಡನ್ನೂ ಹಾಕಿದಳು. ಆಮೇಲೆ ಬಂದು, "ನಾಳೆ ಮೊದಲ ಬಸ್ಸಿಗೆ ಬರ್ತೇನೆ," ಎಂದಳು.

ಸಂಖ್ಯೆ ಇದ್ದ ಕಾರಣ ಬಂಟ್ವಾಳ ಠಾಣೆಯಲ್ಲಿ ಕಡತ ಸಿಗುವುದು ಕಷ್ಟವಾಗಲಿಲ್ಲ. ಹಳೆಯ ದಾಖಲೆಗಳ ಕೋಣೆಯಿಂದ ತರಿಸಲು ನಾಲ್ಕು ದಿನ ಹಿಡಿಯಿತು. ಧರ್ಣಪ್ಪ ಎಂಬ ಹಿರಿಯ ಪೇದೆ ದಾರ ಬಿಚ್ಚಿ ಶವಪರೀಕ್ಷೆಯ ವರದಿಯನ್ನು ಮೊದಲು ತಾನು ಓದಿಕೊಂಡ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತದ್ದನ್ನು ಕಾಂತಿ ನೋಡಿದಳು.

"ಬಲಗಾಲು," ಎಂದ. "ಬಲಗಾಲಿನ ಎರಡನೆಯ ಮತ್ತು ಮೂರನೆಯ ಬೆರಳು ಹಳೆಯ ಗಾಯದಿಂದ ಇರುವುದಿಲ್ಲ ಅಂತ ಬರೆದಿದ್ದಾರೆ." ಕಡತದಲ್ಲಿ ಚೀಟಿಯ ಪ್ರತಿಯೂ ಇತ್ತು. ಅದರಲ್ಲೂ ಬಲಗಾಲು. ಅಚ್ಚಾದ ನೋಟೀಸೊಂದನ್ನು ಮಡಚಿ ಹಿಂದೆ ಪಿನ್ನು ಹೊಡೆದಿದ್ದರು. ಅದರಲ್ಲಿ ಮಾತ್ರ ಎಡಗಾಲು.

ಫೋಟೋ ಇದೆ, ಮುಖ ನೋಡುವ ಹಾಗಿಲ್ಲ, ಕಾಲಿನದು ಮಾತ್ರ ತೋರಿಸುತ್ತೇನೆ ಎಂದು ಧರ್ಣಪ್ಪ ಉಳಿದದ್ದನ್ನು ಕಾಗದದಿಂದ ಮುಚ್ಚಿ ಮುಂದಿಟ್ಟ. ಸೇಸಮ್ಮ ಬಗ್ಗಿ ನೋಡಿದಳು. ಎರಡು ಕೈಯಿಂದಲೂ ಮೇಜಿನ ಅಂಚು ಹಿಡಿದುಕೊಂಡಳು.

"ಆ ಗಾಯಕ್ಕೆ ಅರಿಶಿನ ಕಟ್ಟಿದ್ದು ನಾನೇ," ಎಂದಳು.

ವಿಸ್ಮಿತಾ ಹೊರಗೆ ಹೋಗಿ ಠಾಣೆಯ ಮರದ ಕೆಳಗೆ ನಿಂತು ಅಳತೊಡಗಿದಳು. ಕಾಂತಿ ಹತ್ತಿರ ಹೋದಾಗ ಕೈ ಅಡ್ಡ ಹಿಡಿದಳು.

"ಶಾಲೆಯಲ್ಲಿ ನನ್ನನ್ನು ಏನಂತ ಕರೀತಿದ್ರು ಗೊತ್ತುಂಟಾ ನಿಮಗೆ? ನಾನು ಅಪ್ಪನ ಒಂದೇ ಒಂದು ಫೋಟೋ ಇದ್ದದ್ದನ್ನು ಒಲೆಗೆ ಹಾಕಿದ್ದೇನೆ. ಹತ್ತನೇ ಕ್ಲಾಸಿನಲ್ಲಿ. ನಾನೇ ಹಾಕಿದ್ದು." ಬೆನ್ನು ತಿರುಗಿಸಿದಳು.

ಹೂಳಿದ ಜಾಗ ನೋಡಬೇಕೆಂದಳು ಸೇಸಮ್ಮ. ಮೂವರೂ ಹೋದರು. ವಾರಸುದಾರರಿಲ್ಲದವರಿಗೆಂದು ಬಿಟ್ಟ ಜಾಗ, ಸೊಂಟದೆತ್ತರ ಬೆಳೆದ ಕಮ್ಯುನಿಸ್ಟ್ ಗಿಡದ ಕಳೆ. ಅಲ್ಲಿನ ಕಾವಲಿನವನು ಒಳ್ಳೆಯ ಮನುಷ್ಯ. ಎರಡು ಸಲ ಅತ್ತಿತ್ತ ನಡೆದು, ಕೊನೆಗೆ ಕೈಯನ್ನು ಈ ಮೂಲೆಯಿಂದ ಆ ಮೂಲೆಗೆ ಬೀಸಿ ತೋರಿಸಿದ. "ಹತ್ತನೇ ಇಸವಿಯವರು ಇಷ್ಟರಲ್ಲೇ ಎಲ್ಲೋ, ಅಮ್ಮ. ನಾನು ಬಂದದ್ದು ಆಮೇಲೆ. ಸುಳ್ಳು ಹೇಳಿ ಒಂದು ಜಾಗ ತೋರಿಸ್ಬಹುದು, ಪಾಪ ಬರ್ತದೆ."

ಸೇಸಮ್ಮ ಆ ಗಿಡಗಳ ಎದುರು ಕೂತಳು. ಕಾಂತಿ ಅವಳ ಪಕ್ಕ, ಒಂದು ಮಾರು ದೂರದಲ್ಲಿ ಕೂತಳು. ಕ್ಷಮಿಸಿ ಎನ್ನಬೇಕೆಂದಿದ್ದವಳಿಗೆ ಅಷ್ಟು ಸಣ್ಣ ಮಾತನ್ನು ಈ ಜಾಗದಲ್ಲಿ ಆಡಲು ನಾಚಿಕೆಯಾಯಿತು.

"ನಿಮ್ಮ ಮೇಲೆ ಸಿಟ್ಟು ಬರ್ಬೇಕು ನನಗೆ," ಎಂದಳು ಸೇಸಮ್ಮ. "ಬರ್ತದೆ, ನಾಳೆಯೋ ನಾಡಿದ್ದೋ. ಈಗ ಬೇರೆ ಲೆಕ್ಕ. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಎದ್ದು ಇವರಿಗೆ ಶಾಪ ಹಾಕಿದ್ದೇನೆ. ಹಾಳಾಗಿ ಹೋಗಲಿ ಅಂತ. ಅವರು ಇಲ್ಲಿ ಇದ್ರು. ಎಲ್ಲಿಗೂ ಹೋಗಿರ್ಲಿಲ್ಲ. ತೋಟಕ್ಕೆ ಹೊರಟದ್ದು, ಸಂಕದಲ್ಲಿ ಜಾರಿದ್ದು, ಅಷ್ಟೆ. ನಾನು ಹಾಕಿದ ಶಾಪವನ್ನೆಲ್ಲ ವಾಪಸ್ ಹೆಕ್ಕುವುದು ಹೇಗೆ, ಹೇಳಿ."

ವಿಸ್ಮಿತಾ ಬಂದು ತಾಯಿಯನ್ನು ಎಬ್ಬಿಸಿದಳು. ಹೋಗುವಾಗ ತಿರುಗದೆಯೇ, "ನೀವು ಇನ್ನು ನಮ್ಮ ಮನೆಗೆ ಬರ್ಬೇಡಿ," ಎಂದಳು. ಧ್ವನಿಯಲ್ಲಿ ಜಗಳವಿರಲಿಲ್ಲ. ಬಹಳ ದಣಿದಿದ್ದಳು.

ಆಮೇಲಿನ ದಿನಗಳಲ್ಲಿ ಕಾಂತಿಯ ಕೆಲಸ ನಿಧಾನವಾಯಿತು. ಎಷ್ಟೇ ಸಣ್ಣ ಅರ್ಜಿಯಾದರೂ ಖಾಲಿ ಹಾಳೆಯಿಂದ ಶುರುಮಾಡುತ್ತಿದ್ದಳು. ಮುಗಿಸಿ ಬೆರಳಿಟ್ಟು ಎರಡು ಸಲ ಮೂಲದ ಜೊತೆ ತಾಳೆ ನೋಡುತ್ತಿದ್ದಳು. ವಿದ್ಯಾರ್ಥಿಗಳು ಕಾಯಲಾರದೆ ಪಕ್ಕದ ಅಂಗಡಿಗೆ ಹೋಗತೊಡಗಿದರು. ಯಜಮಾನ ಏನೂ ಅನ್ನಲಿಲ್ಲ, ಆದರೆ ಬೈಂಡಿಂಗ್ ಕೆಲಸವನ್ನು ಹೆಚ್ಚು ಕೊಟ್ಟು ಟೈಪಿಂಗಿಗೆ ಇನ್ನೊಬ್ಬಳನ್ನು ತಂದ. ಕಾಂತಿಗೆ ಅದು ಒಳ್ಳೆಯದೇ ಅನ್ನಿಸಿತು.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ನಾನು ಸೇಸಮ್ಮ, ದಿಡುಪೆ. ಬರುವ ಆದಿತ್ಯವಾರ ಇವರ ಬೊಜ್ಜ ಇಟ್ಟುಕೊಂಡಿದ್ದೇವೆ. ಮೈದುನನೇ ಮುಂದೆ ನಿಂತು ಮಾಡ್ತಾನೆ. ಊರವರೆಲ್ಲ ಬರ್ತಾರೆ, ಸರಸ ಕೂಡ ಬರ್ತಾಳಂತೆ."

"ಹೌದಾ," ಎಂದಳು ಕಾಂತಿ.

"ನೀವು ಬರುವುದು ಬೇಡ. ಮಗಳಿಗೆ ಆಗುವುದಿಲ್ಲ. ನನಗೂ ಆಗ್ತದೋ ಇಲ್ವೋ ಗೊತ್ತಿಲ್ಲ. ಆದ್ರೆ ನಿಮಗೆ ಹೇಳದೆ ಮಾಡುವುದೂ ಸರಿ ಕಾಣ್ಲಿಲ್ಲ. ಅದಕ್ಕೆ ಹೇಳಿದೆ."

ಸೇಸಮ್ಮ ಫೋನು ಇಟ್ಟಳು. ಭಾನುವಾರ ಅಂಗಡಿಗೆ ಬಾಗಿಲು. ಕಾಂತಿ ಬೆಳಿಗ್ಗೆ ಸ್ನಾನ ಮಾಡಿ ಬಂದು ಮೂಡುಬಿದಿರೆಯ ಮನೆಯ ಜಗಲಿಯಲ್ಲಿ ಕೂತಳು. ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ಬಂದು ಹುಷಾರಿಲ್ಲವಾ ಎಂದು ಕೇಳಿದಾಗ, "ಒಬ್ಬರು ತೀರಿಕೊಂಡಿದ್ದಾರೆ," ಎಂದಳು. ಯಾರು, ಯಾವಾಗ ಎಂದು ಅವರು ಕೇಳಿದರು. ಸಂಬಂಧಿಕರಲ್ಲ, ಪರಿಚಯವೂ ಇಲ್ಲ, ತುಂಬ ಹಿಂದೆ ಎಂದಳು ಅವಳು.